ಧಾರೆ ಸೀರೆಯ ಮಡಿಕೆ

ಅಮ್ಮ ಸೀರೆ ಕೊಡವಿದಳು. ‘ಪರ್’ ಅಂತ ಸದ್ದಾಯಿತು.

ಅದು 2020ರ ಫೆಬ್ರವರಿ. ತಮ್ಮನ ಮದುವೆಯ ಹಿಂದಿನ ದಿನ. ಶಿಡ್ಲಘಟ್ಟದ ಹತ್ತಿರ ಇರುವ ನಮ್ಮ ಹಳ್ಳಿಯ ಮನೆ ತುಂಬ ನೆಂಟರು. ಹೊರಗೆ ಚಪ್ಪರಕ್ಕೆ ತೆಂಗಿನ ಗರಿ ಹೊದಿಸುತ್ತಿದ್ದರು. ಅಮ್ಮ ಒಳಕೋಣೆಯ ಬಾಗಿಲು ಮುಂದೆ ಮಾಡಿ, ಬೀರುವಿನ ಮೇಲಿನ ಖಾನೆಯಿಂದ ತನ್ನ ಧಾರೆ ಸೀರೆ ತೆಗೆದಿದ್ದಳು. ಮಗನ ಮದುವೆಗೆ ಅದನ್ನೇ ಉಡಬೇಕು ಅನ್ನುವುದು ಎಷ್ಟೋ ವರ್ಷಗಳಿಂದ ಅವಳ ಮನಸ್ಸಿನಲ್ಲಿತ್ತು. ಅಂಗಡಿಯವರು ಕೊಟ್ಟಿದ್ದ ಅದೇ ಹಳೇ ಪ್ಲಾಸ್ಟಿಕ್ ಕವರ್. ಒಳಗೆ ಕರಗಿ ಕಾಳಿನಷ್ಟಾಗಿದ್ದ ಎರಡು ನುಸಿಗುಳಿಗೆ.

ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ಅಂಚಿನ ತುಂಬ ಸಣ್ಣ ಮಾವಿನಕಾಯಿ ಬುಟ್ಟಾ. 1986ರಲ್ಲಿ ತಾತ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ ತಂದಿದ್ದ ಸೀರೆ. ಅಮ್ಮ ಅದನ್ನು ಉಟ್ಟದ್ದು ಮೂರು ಸಲ. ಮದುವೆಗೆ, ನನ್ನ ನಾಮಕರಣಕ್ಕೆ, ತಮ್ಮನ ನಾಮಕರಣಕ್ಕೆ. ಆಮೇಲೆ ಮುವತ್ತು ವರ್ಷ ಅದು ಕವರ್‌ನಲ್ಲೇ ಇತ್ತು.

ಸೀರೆ ಬಿಚ್ಚಿಕೊಂಡಾಗ ನೋಡಿದೆವು. ಎಲ್ಲೆಲ್ಲಿ ಮಡಿಕೆ ಇತ್ತೋ ಅಲ್ಲೆಲ್ಲ ಸೀಳು. ಹರಿದದ್ದಲ್ಲ, ಒಡೆದದ್ದು. ಒಣಗಿದ ಬಾಳೆ ಎಲೆ ನರದ ಗುಂಟ ಸೀಳುತ್ತದಲ್ಲ, ಆ ಥರ. ನಾನು ಬೆರಳಲ್ಲಿ ಮುಟ್ಟಿದರೆ ಇನ್ನೂ ಒಂದಿಂಚು ಬಿಟ್ಟುಕೊಂಡಿತು.

ಅಮ್ಮ ಅಳಲಿಲ್ಲ. ‘ಎಷ್ಟು ಜೋಪಾನ ಮಾಡಿದ್ದೆ ಕಣೇ’ ಅಂದಳು. ಅಷ್ಟೇ. ಮತ್ತೆ ಅದೇ ಮಡಿಕೆಗೆ ಮಡಚಿದಳು. ಅದೇ ಕವರ್‌ಗೆ ಹಾಕಿದಳು. ಮಾರನೆಯ ದಿನ ಬೇರೆ ಸೀರೆ ಉಟ್ಟು ಮಗನ ಮದುವೆ ಮಾಡಿದಳು. ಫೋಟೋದಲ್ಲಿ ನಗುತ್ತಿದ್ದಾಳೆ. ಆದರೆ ನನಗೆ ಆ ಸದ್ದು ಮರೆಯುವುದಿಲ್ಲ.

ಮದುವೆ ಮುಗಿಸಿ ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದ ದಿನವೇ ನನ್ನ ಬೀರು ತೆಗೆದೆ. ನನ್ನ ಧಾರೆ ಸೀರೆಯೂ ಮೇಲಿನ ಖಾನೆಯಲ್ಲೇ ಇತ್ತು. ಪ್ಲಾಸ್ಟಿಕ್ ಕವರ್, ನುಸಿಗುಳಿಗೆ, ಅಂಗಡಿಯವರು ಮಡಚಿಕೊಟ್ಟ ಅದೇ ಮಡಿಕೆ. 2013ರ ಮೇ ತಿಂಗಳಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಉಟ್ಟಿದ್ದೆ. ಏಳು ಗಂಟೆ. ಅದಾದ ಮೇಲೆ ಏಳು ವರ್ಷ ಮುಟ್ಟಿರಲಿಲ್ಲ.

ಬಿಚ್ಚಿ ಮಂಚದ ಮೇಲೆ ಹಾಸಿದೆ. ಕೆನೆ ಬಣ್ಣದ ಒಡಲು, ಮೊಣಕೈ ಉದ್ದದ ಕೆಂಪು ಅಂಚು. ಒಡೆದಿರಲಿಲ್ಲ. ಆದರೆ ನೆರಿಗೆ ಬರುವ ಜಾಗದಲ್ಲಿ ಅಂಗೈ ಅಗಲದ ಒಂದು ಕಂದು ಕಲೆ ಇತ್ತು. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ಹಾಲು. ತೆಂಗಿನಕಾಯಿ ಹಿಡಿದ ನಮ್ಮಿಬ್ಬರ ಕೈ ಮೇಲೆ ಹಾಲು ಹುಯ್ದು ಧಾರೆ ಎರೆದರಲ್ಲ, ಆ ಹಾಲು ಮಣಿಕಟ್ಟಿನಿಂದ ಇಳಿದು ಮಡಿಲಿಗೆ ಸುರಿದಿತ್ತು. ಆಗ ತಣ್ಣಗೆ ತಾಗಿದ್ದು ಈಗಲೂ ನೆನಪಿದೆ. ಪಕ್ಕದಲ್ಲೇ ಅಕ್ಷತೆಯ ಅರಿಶಿನದ ಚುಕ್ಕಿಗಳು. ಏಳು ವರ್ಷ ಅದನ್ನೆಲ್ಲ ಹಾಗೇ ಒಳಗಿಟ್ಟು ‘ಜೋಪಾನವಾಗಿದೆ’ ಅಂದುಕೊಂಡಿದ್ದೆ.

ಈ ಸೀರೆಯನ್ನು ಏನು ಮಾಡಬೇಕು? ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆರತಕ್ಷತೆಯ ಲೆಹೆಂಗಾ ಬಗ್ಗೆ ನನಗೆ ಇಷ್ಟು ಯೋಚನೆ ಆಗಿರಲಿಲ್ಲ. ಕಲ್ಲು, ಮಣಿ ತುಂಬಿದ ಭಾರದ ಬಟ್ಟೆ ಅದು. ಎರಡನೇ ಸಲ ಹಾಕುವ ಸಂದರ್ಭ ಬರಲೇ ಇಲ್ಲ. ದೊಡ್ಡಮ್ಮನ ಮಗಳ ನಿಶ್ಚಿತಾರ್ಥಕ್ಕೆ ಕೊಟ್ಟೆ, ಅವಳು ಇನ್ನೊಬ್ಬಳಿಗೆ ಕೊಟ್ಟಳು. ಈಗ ಎಲ್ಲಿದೆಯೋ, ಎಲ್ಲಿದ್ದರೂ ಚೆನ್ನಾಗಿರಲಿ. ಈಗಂತೂ ಲೆಹೆಂಗಾ ಬಾಡಿಗೆಗೆ ಸಿಗುತ್ತದೆ. ಒಂದು ಸಂಜೆಯ ಬಟ್ಟೆಗೆ ಅದೇ ಸರಿ ಅನ್ನಿಸುತ್ತದೆ.

ಧಾರೆ ಸೀರೆ ಹಾಗಲ್ಲ. ಅದರ ವಿಷಯ ಬಂದರೆ ಎಲ್ಲರಿಗೂ ಒಂದು ಮಾತು ಇರುತ್ತದೆ. ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನವಳು ‘ಕತ್ತರಿಸಿ ಮಗಳಿಗೆ ಲಂಗ ಹೊಲಿಸು, ಎರಡು ಲಂಗ ಬರುತ್ತೆ’ ಅಂದಳು. ಇನ್ನೊಬ್ಬರು ಸೆರಗು ಕತ್ತರಿಸಿ ಫ್ರೇಮ್ ಹಾಕಿಸಿದ್ದಾರಂತೆ, ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಚಿಕ್ಕಮ್ಮ ‘ಅಮ್ಮನವರಿಗೆ ಉಡಿಸಿಬಿಡು, ಪುಣ್ಯ ಬರುತ್ತೆ’ ಅಂದರು. ದಿಂಬಿನ ಕವರ್ ಮಾಡಿದವರೂ ಇದ್ದಾರೆ.

ಗಟ್ಟಿಯಾಗಿರುವ ಸೀರೆಗೆ ಕತ್ತರಿ ಹಾಕೋದು ನನಗೆ ಒಪ್ಪಿಗೆ ಇಲ್ಲ. ಲಂಗ ಎರಡು ವರ್ಷಕ್ಕೆ ಮಗುವಿಗೆ ಗಿಡ್ಡ ಆಗುತ್ತದೆ. ಸೀರೆ ಹಾಗಲ್ಲ. ದಪ್ಪ ಆಗಲಿ, ತೆಳ್ಳಗಾಗಲಿ, ಯಾರು ಉಟ್ಟರೂ ಅವರ ಮೈಗೆ ಹೊಂದಿಕೊಳ್ಳುತ್ತದೆ. ಹೊಲಿಗೆ ಇಲ್ಲದ ಬಟ್ಟೆಯ ದೊಡ್ಡತನವೇ ಅದು. ಒಡೆದ ಸೀರೆಯಾದರೆ ಕತ್ತರಿಸಲಿ, ಬೇಡ ಅನ್ನಲ್ಲ.

ಅತ್ತೆಯ ಮಾತು ಬೇರೆ. ‘ಧಾರೆ ಸೀರೆ ಯಾರಿಗೂ ಕೊಡಬಾರದಮ್ಮ, ನಿನ್ನ ಹತ್ತಿರವೇ ಇರಬೇಕು’ ಅಂದರು. ಸುಮ್ನೆ ಶಾಸ್ತ್ರಕ್ಕೆ ಹೇಳಿದ ಮಾತಲ್ಲ ಅದು. ಅತ್ತೆಯ ತಾಯಿ ಮುತ್ತೈದೆಯಾಗಿ ಹೋದವರು. ಅವರಿಗೆ ಅವರ ಧಾರೆ ಸೀರೆಯನ್ನೇ ಹೊದಿಸಿ ಕಳಿಸಿದ್ದರಂತೆ. ಆಗ ಅತ್ತೆಗೆ ಇಪ್ಪತ್ತೆರಡು ವರ್ಷ. ಆ ಸೀರೆಯ ಬಣ್ಣ ಹೇಳುವಾಗ ಇವತ್ತಿಗೂ ಅವರ ದನಿ ಇಳಿಯುತ್ತದೆ. ಅಂಥ ನೋವಿನಿಂದ ಬಂದ ಮಾತಿಗೆ ಎದುರು ಆಡಲು ನನಗೆ ಬಾಯಿ ಬರಲಿಲ್ಲ.

ಆದರೆ ಒಂದು ವಿಷಯ ಮಾತ್ರ ಕಾಡಿತು. ನನ್ನ ಗಂಡನದ್ದೂ ಒಂದು ರೇಷ್ಮೆ ಪಂಚೆ, ಶಲ್ಯ ಇದೆ. ಅದೇ ಮುಹೂರ್ತದಲ್ಲಿ ಉಟ್ಟದ್ದು. ಅವರು ಅದನ್ನು ಯುಗಾದಿಗೆ ಉಡುತ್ತಾರೆ, ಗಣೇಶನ ಹಬ್ಬಕ್ಕೆ ಉಡುತ್ತಾರೆ, ಗೃಹಪ್ರವೇಶಕ್ಕೆ ಉಡುತ್ತಾರೆ. ಒಗೆದು ಒಗೆದು ಮೆತ್ತಗಾಗಿದೆ. ಅದನ್ನು ಏನು ಮಾಡಬೇಕು ಅಂತ ಅವರನ್ನು ಯಾರೂ ಕೇಳಿಲ್ಲ. ಉಡುವ ಬಟ್ಟೆ, ಉಡುತ್ತಾರೆ. ನನ್ನದು ಮಾತ್ರ ಯಾಕೆ ಮೇಲಿನ ಖಾನೆಗೆ ಹೋಯಿತು?

ಅಮ್ಮನ ಸೀರೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಾರನೆಯ ವರ್ಷ ಅಮ್ಮ ನಮ್ಮ ಮನೆಗೆ ಬಂದಾಗ ಆ ಕವರ್ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದಳು. ನಮ್ಮ ಬೀದಿಯಲ್ಲಿ ಆಗಾಗ ಒಬ್ಬರು ಬೈಕಿನಲ್ಲಿ ಬರುತ್ತಾರೆ. ‘ಹಳೇ ರೇಷ್ಮೆ ಸೀರೆ, ಜರಿ ಸೀರೆ ತಗೋತೀವೀ’ ಅಂತ ಕೂಗಿಕೊಂಡು ಹೋಗುತ್ತಾರೆ. ಫೋನಿನಲ್ಲಿ ಯಾವಾಗಲೋ ಹೇಳಿದ್ದೆ. ಅಮ್ಮ ಅದನ್ನು ನೆನಪಿಟ್ಟುಕೊಂಡಿದ್ದಳು.

ಅವರು ಬಂದು ಜಗಲಿಯ ಮೇಲೆ ಕೂತರು. ಸೀರೆಯ ಒಡಲು ನೋಡಲೇ ಇಲ್ಲ. ನೇರ ಅಂಚಿಗೆ ಕೈ ಹಾಕಿದರು. ತುದಿಯಿಂದ ಒಂದು ಜರಿ ಎಳೆ ಎಳೆದು, ಉಗುರಿನಿಂದ ಕೆರೆದರು. ಹೊಳಪಿನ ಸುತ್ತು ಬಿಚ್ಚಿಕೊಂಡಿತು. ಒಳಗೆ ಕೂದಲಿನಂಥ ಕೆಂಪು ನೂಲು.

‘ನೋಡಮ್ಮಾ, ಒಳಗೆ ಕೆಂಪು ರೇಷ್ಮೆ. ಅದರ ಮೇಲೆ ಸುತ್ತಿರೋದು ಬೆಳ್ಳಿ. ಬೆಳ್ಳಿ ಮೇಲೆ ಚಿನ್ನದ ನೀರು. ಇದು ಒಳ್ಳೇ ಜರಿ’ ಅಂದರು. ಚೀಲದಿಂದ ಕರೀ ಒರೆಗಲ್ಲು ತೆಗೆದು, ಆ ಎಳೆ ಉಜ್ಜಿ, ಸಣ್ಣ ಸೀಸೆಯಿಂದ ಒಂದು ಹನಿ ಆಸಿಡ್ ಹಾಕಿದರು. ಗೆರೆ ಹಸಿರಾಗಲಿಲ್ಲ. ತಲೆ ಆಡಿಸಿದರು.

ಇದನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ಸುಡುತ್ತಾರಂತೆ. ರೇಷ್ಮೆ ಸುಟ್ಟು ಬೂದಿಯಾಗುತ್ತದೆ, ಬೆಳ್ಳಿ ಉಳಿಯುತ್ತದೆ. ಅದನ್ನು ಕರಗಿಸಿ ಗಟ್ಟಿ ಮಾಡುತ್ತಾರೆ. ಅಮ್ಮನ ಮುಖ ನೋಡಿದೆ. ಅವಳು ಗಾಬರಿಯಾಗಲಿಲ್ಲ. ‘ಅಂಚು, ಸೆರಗು ತಗೊಂಡು ಹೋಗಿ. ಒಡಲು ನಮಗಿರಲಿ’ ಅಂದಳು. ಅವರು ಒಪ್ಪಿದರು. ಕತ್ತರಿ ಅಮ್ಮನೇ ಹಿಡಿದಳು. ಅವಳು ಅಂಚಿನ ಗುಂಟ ಕತ್ತರಿಸುತ್ತಾ ಹೋದ ಹಾಗೆ ನಾನು ಎದುರು ಕೂತು ಬಟ್ಟೆ ಬಿಗಿಯಾಗಿ ಹಿಡಿದುಕೊಂಡಿದ್ದೆ. ಇಬ್ಬರೂ ಮಾತಾಡಲಿಲ್ಲ. 3,800 ರೂಪಾಯಿ ಬಂತು. ಅದಕ್ಕೆ ತನ್ನದೂ ಸ್ವಲ್ಪ ಸೇರಿಸಿ ಅಮ್ಮ ಮೊಮ್ಮಗಳಿಗೆ ಬೆಳ್ಳಿಯ ಕಾಲ್ಗೆಜ್ಜೆ ತಂದಳು. ಒಡಲಿನಲ್ಲಿ ಮಡಿಕೆ ಮಡಿಕೆಯ ನಡುವಿನ ಗಟ್ಟಿ ಚೌಕಗಳನ್ನು ಎತ್ತಿಟ್ಟಿದ್ದಾಳೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶಕ್ಕೆ ಉಡಿಸುವುದು ಈಗ ಅದನ್ನೇ.

ಅವರು ಹೊರಡುವಾಗ ನಾನು ಒಳಗೆ ಹೋಗಿ ನನ್ನ ಸೀರೆ ತಂದೆ. ಮಾರುವುದಕ್ಕಲ್ಲ. ತಿಳಿದುಕೊಳ್ಳಬೇಕು ಅನ್ನಿಸಿತು. ಅವರು ಅದೇ ಥರ ಒಂದು ಎಳೆ ಎಳೆದು ಕೆರೆದರು. ಒಳಗೆ ಬಿಳೀ ನೂಲು. ಒರೆಗಲ್ಲಿನ ಮೇಲೆ ಹನಿ ಬಿದ್ದದ್ದೇ ಗೆರೆ ಹಸಿರಾಯಿತು.

‘ತಾಮ್ರ ಅಕ್ಕಾ. ಟೆಸ್ಟೆಡ್ ಜರಿ. ಈಗೆಲ್ಲ ಜಾಸ್ತಿ ಇದೇ ಬರೋದು. ಇದಕ್ಕೆ ನಾನು ಏನೂ ಕೊಡಕ್ಕಾಗಲ್ಲ’ ಅಂದರು. ತಪ್ಪು ಮಾಡಿದವರ ಹಾಗೆ ಹೇಳಿದರು, ಪಾಪ.

ಬೆಳ್ಳಿಯ ಬೆಲೆ ಏರಿದ ಹಾಗೆಲ್ಲ ಜರಿ ಬದಲಾಗುತ್ತಾ ಬಂದಿದೆ. ಬೆಳ್ಳಿ ಇದ್ದಲ್ಲಿ ತಾಮ್ರದ ತಂತಿ ಬಂತು, ಅದಕ್ಕೂ ಕಡಿಮೆಯದ್ದರಲ್ಲಿ ಪ್ಲಾಸ್ಟಿಕ್ ಎಳೆ. ಆದರೆ ನಮ್ಮ ಸರ್ಕಾರದ ರೇಷ್ಮೆ ನಿಗಮ ಕೆ.ಎಸ್.ಐ.ಸಿ.ಯ ಮೈಸೂರು ಸಿಲ್ಕ್‌ನ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ ಅನ್ನುವ ಲೆಕ್ಕ ಇದೆ. ನಾನು ಸೀರೆ ಕೊಂಡ ದಿನ ಜರಿ ಯಾವುದು ಅಂತ ಕೇಳಲೇ ಇಲ್ಲ. ಬಣ್ಣ ನೋಡಿದೆ, ಅಂಚು ನೋಡಿದೆ, ಕನ್ನಡಿ ಮುಂದೆ ಹೆಗಲ ಮೇಲೆ ಹಾಕಿ ನೋಡಿದೆ. ಮದುವೆ ಸೀರೆ ಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕೇಳಿ. ತಾಮ್ರದ ಜರಿ ಕೆಟ್ಟದ್ದು ಅಂತಲ್ಲ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ನಮಗೆ ಗೊತ್ತಿರಬೇಕು, ಅಲ್ವಾ?

ಅವತ್ತು ರಾತ್ರಿ ಇದನ್ನೇ ಯೋಚಿಸುತ್ತಾ ಮಲಗಿದ್ದೆ. ಅಮ್ಮನ ಸೀರೆ ಒಡೆದ ಮೇಲೂ ಅದರಲ್ಲಿ ಏನೋ ಉಳಿದಿತ್ತು. ಅದು ಗೆಜ್ಜೆಯಾಯಿತು. ನನ್ನ ಸೀರೆ ಒಡೆದರೆ ಏನೂ ಉಳಿಯುವುದಿಲ್ಲ. ಅದರ ಬೆಲೆ ಎಲ್ಲ ಇರುವುದು ಉಡುವುದರಲ್ಲಿ.

ನನ್ನ ಸೀರೆಗೆ ಕೊಟ್ಟದ್ದು 22,000 ರೂಪಾಯಿ. ಆ ದುಡ್ಡು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಬೆಳೆ ರೇಷ್ಮೆ ಗೂಡು.

ನಮ್ಮದು ರೇಷ್ಮೆ ಹುಳ ಮೇಯಿಸುವ ಮನೆ. ನಮ್ಮ ಕಡೆ ಇದಕ್ಕೆ ವಿವರಣೆ ಬೇಕಿಲ್ಲ. ಹಿಪ್ಪುನೇರಳೆ ತೋಟ, ಹುಳದ ಮನೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಇದರೊಳಗೇ ನಮ್ಮ ಬದುಕು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಜಿಲ್ಲೆ ಬದಲಾದರೂ ಕೆಲಸ ಅದೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೂರು ಮೊಟ್ಟೆ ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ, ಅದರಲ್ಲಿ ನಲವತ್ತು ಸಾವಿರದ ಮೇಲೆ ಹುಳ. ಇಪ್ಪತ್ತೈದು ಇಪ್ಪತ್ತಾರು ದಿನದಲ್ಲಿ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಅದು ಮೇಯುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರೂ ನೆಟ್ಟಗೆ ಮಲಗುವುದಿಲ್ಲ. ಹುಳದ ಹಸಿವು ಅಷ್ಟು. ರಾತ್ರಿ ಹೊತ್ತು ಸೊಪ್ಪು ಹಾಕಿ ಸುಮ್ಮನೆ ನಿಂತರೆ ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಸದ್ದು. ಆಮೇಲೆ ಹುಳ ಹಣ್ಣಾಗುತ್ತದೆ, ಬೆಳಕಿಗೆ ಹಿಡಿದರೆ ಮೈ ತೆಳ್ಳಗೆ ಹೊಳೆಯುತ್ತದೆ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ಅಲ್ಲಿ ಎರಡು ಮೂರು ದಿನ ತಲೆ ಆಡಿಸುತ್ತಾ ತನ್ನ ಸುತ್ತ ತಾನೇ ನೂಲು ಸುತ್ತಿಕೊಳ್ಳುತ್ತದೆ. ಅದೇ ಗೂಡು.

ಒಮ್ಮೆ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ, ನನ್ನ ಸೀರೆಗೆ ಎಷ್ಟು ಗೂಡು ಬೇಕಾಗಿತ್ತು ಅಂತ. ಅಪ್ಪ ತಟ್ಟೆಯ ಪಕ್ಕ ನೆಲದ ಮೇಲೆ ಬೆರಳಲ್ಲಿ ಲೆಕ್ಕ ಹಾಕಿದರು. ಒಂದು ಸೀರೆಗೆ ಸುಮಾರು ಅರ್ಧ ಕೆ.ಜಿ. ನೂಲು. ಒಂದು ಕೆ.ಜಿ. ನೂಲಿಗೆ ನಮ್ಮ ಹಳದಿ ಗೂಡಾದರೆ ಎಂಟು ಕೆ.ಜಿ. ಹತ್ತಿರ ಬೇಕು. ಅಂದರೆ ಸೀರೆಗೆ ನಾಲ್ಕು ಕೆ.ಜಿ. ಗೂಡು. ಎರಡು ಸಾವಿರದ ಮೇಲೆ ಹುಳ.

‘ನಾಲ್ಕು ಕೆ.ಜಿ. ಗೂಡಿನ ಸೀರೆ. ಅದಕ್ಕೆ ನಾವು ಎಪ್ಪತ್ತು ಕೆ.ಜಿ. ಗೂಡು ಮಾರಿದ್ವಿ’ ಅಂದರು ಅಪ್ಪ. ಬೇಸರದಲ್ಲಿ ಹೇಳಲಿಲ್ಲ. ಗೂಡಿನಿಂದ ನೂಲು ಬಿಚ್ಚುವವರಿಗೆ, ಹುರಿ ಮಾಡುವವರಿಗೆ, ಬಣ್ಣದವರಿಗೆ, ನೇಯುವವರಿಗೆ, ಅಂಗಡಿಯವರಿಗೆ ಎಲ್ಲರಿಗೂ ಪಾಲು ಹೋಗಬೇಕಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಾನು ಆ ಸೀರೆ ಸರಿಯಾಗಿ ನೋಡಲೇ ಇಲ್ಲ. ಮದುವೆ ದಿನ ಓಡಾಟದಲ್ಲಿದ್ದೆ’ ಅಂದರು.

ಈ ಮಾತು ನನ್ನನ್ನು ಅಲ್ಲಾಡಿಸಿಬಿಟ್ಟಿತು. ಒಂದು ಬೆಳೆಯ ಸೊಪ್ಪು ಕೊಯ್ದವರು, ಒಂದು ವಾರ ನಿದ್ದೆ ಬಿಟ್ಟವರು, ಆ ದುಡ್ಡಿನಲ್ಲಿ ಬಂದ ಸೀರೆಯನ್ನು ನೋಡಿಲ್ಲ. ನಾನು ಅದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಯಾರಿಗೂ ಕಾಣದ ಹಾಗೆ ಇಟ್ಟಿದ್ದೇನೆ.

ನಮ್ಮ ಅಜ್ಜಿಯ ಧಾರೆ ಸೀರೆ ಹತ್ತಿಯದು. ಅಪ್ಪನ ತಾಯಿ ಅವರು. ಅವರ ಮದುವೆಯ ಕಾಲಕ್ಕೆ ಹುಳ ಮೇಯಿಸುವ ಮನೆಯ ಹೆಂಗಸರಿಗೆ ರೇಷ್ಮೆ ಉಡುವುದು ಅಂದರೆ ದೂರದ ಮಾತು. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, ‘ಅಜ್ಜಿ, ನಿನ್ನ ಧಾರೆ ಸೀರೆ ಎಲ್ಲಿ?’ ಅಂತ. ಅಜ್ಜಿ ಕತೆ ಹೇಳುವ ಹಾಗೆ ಹೇಳಿದ್ದರು. ಹಬ್ಬಕ್ಕೆ ಉಟ್ಟರಂತೆ. ಬಣ್ಣ ಹೋದ ಮೇಲೆ ತೋಟಕ್ಕೆ ಉಟ್ಟರಂತೆ. ಆಮೇಲೆ ತೊಲೆಗೆ ಜೋಲಿ ಕಟ್ಟಿದರಂತೆ. ಆ ಜೋಲಿಯಲ್ಲಿ ಅಪ್ಪ ಮಲಗಿದ್ದಾರೆ, ಅತ್ತೆಯಂದಿರು ಮಲಗಿದ್ದಾರೆ. ಜೋಲಿ ಹರಿದ ಮೇಲೆ ಬಿತ್ತನೆ ರಾಗಿ ಗಂಟು ಕಟ್ಟುವ ಬಟ್ಟೆಯಾಯಿತು.

‘ಆಮೇಲೆ?’

‘ಆಮೇಲೇನು, ಮುಗೀತು ಕಣೇ’ ಅಂದಿದ್ದರು ಅಜ್ಜಿ.

ಎಷ್ಟು ಸಲೀಸಾಗಿ ಅಂದಿದ್ದರು. ಆಗ ನನಗೆ ಅಯ್ಯೋ ಅನ್ನಿಸಿತ್ತು. ಈಗ ಆ ಮಾತು ಕೇಳಿದರೆ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ನನ್ನ ಸೀರೆಯೂ ಹೀಗೇ ಮುಗಿಯಬೇಕು. ಒಡೆದು ಅಲ್ಲ, ಉಟ್ಟು ಉಟ್ಟು.

ಮೊದಲು ಕಲೆಯ ಕೆಲಸ. ಡ್ರೈ ಕ್ಲೀನಿಂಗ್‌ಗೆ ಕೊಡುವಾಗ ಇದು ಹಾಲು, ಇದು ಅರಿಶಿನ ಅಂತ ಬೆರಳಿಟ್ಟು ತೋರಿಸಿ ಕೊಟ್ಟೆ. ತೋರಿಸದೆ ಕೊಟ್ಟರೆ ಮೇಲೆ ಬಿಸಿ ಇಸ್ತ್ರಿ ಬಿದ್ದು ಕಲೆ ಇನ್ನೂ ಗಟ್ಟಿಯಾಗುತ್ತದೆ. ಹಾಲಿನ ಕಲೆ ಮುಕ್ಕಾಲು ಹೋಯಿತು. ಕಾಲು ಉಳಿದಿದೆ. ಇರಲಿ, ಅದು ನನ್ನ ಧಾರೆಯ ಹಾಲು. ಪ್ಲಾಸ್ಟಿಕ್ ಕವರ್ ಎಸೆದೆ. ಅದರೊಳಗೆ ಗಾಳಿಯಾಡುವುದಿಲ್ಲ, ತೇವ ಸೇರಿದರೆ ಹೊರಗೆ ಹೋಗುವುದಿಲ್ಲ. ರೇಷ್ಮೆ ಹುಳದ ಮೈಯಿಂದ ಬಂದ ನೂಲು, ಅದಕ್ಕೆ ಉಸಿರು ಬೇಕು. ಅಪ್ಪನ ಹಳೇ ಬಿಳೀ ಪಂಚೆ ತಂದು, ಗಂಜಿ ಎಲ್ಲ ಹೋಗುವ ಹಾಗೆ ಒಗೆದು, ಅದರಲ್ಲಿ ಸುತ್ತಿಟ್ಟೆ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಾಯಿಸುತ್ತೇನೆ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಬಗ್ಗಿದ್ದರೆ ಆ ಗೆರೆಯಲ್ಲೇ ರೇಷ್ಮೆ ಒಡೆಯುತ್ತದೆ. ಅಮ್ಮನ ಸೀರೆಗೆ ಆದದ್ದು ಅದೇ. ನುಸಿಗುಳಿಗೆ ಬಿಟ್ಟೆ, ಜರಿ ಕಪ್ಪಾಗುತ್ತದೆ. ಒಣಗಿದ ಬೇವಿನ ಎಲೆ, ಒಂದು ತುಂಡು ಬಜೆ ಬಟ್ಟೆಯಲ್ಲಿ ಗಂಟು ಕಟ್ಟಿ ಖಾನೆಯ ಮೂಲೆಯಲ್ಲಿಡುತ್ತೇನೆ. ಸೀರೆಗೆ ತಾಗಿಸುವುದಿಲ್ಲ. ಸೆಂಟ್ ಹೊಡೆಯುವುದಾದರೆ ಸೀರೆ ಉಡುವ ಮೊದಲೇ, ಮೈಗೆ ಮಾತ್ರ.

ಇದೆಲ್ಲ ಇಡುವ ವಿಷಯ. ಮುಖ್ಯವಾದದ್ದು ಉಡುವುದು. ಮೊದಲ ಸಲ ಉಟ್ಟದ್ದು ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ. ಹೊಸದಾಗಿ ಮದುವೆಯಾದವರು ಬಂದು ಕೈ ಮುಗಿಯುವ ಜಾಗ ಅದು. ಮದುವೆಯಾಗಿ ಎಂಟು ವರ್ಷದ ಮೇಲೆ ಅದೇ ಸೀರೆಯಲ್ಲಿ ಹೋಗಿದ್ದೆ, ಜೊತೆಯಲ್ಲಿ ಮಗಳು. ಮೊದಲ ಅರ್ಧ ಗಂಟೆ ಮೈಯೆಲ್ಲ ಬಿಗಿ. ಕಲ್ಲಿನ ಮೆಟ್ಟಿಲ ಮೇಲೆ ಕೂರುವುದೋ ಬೇಡವೋ. ಕಲ್ಯಾಣಿಯ ಮೆಟ್ಟಿಲಲ್ಲಿ ಮಗಳು ಬಂದು ತೊಡೆಯ ಮೇಲೆ ಕೂತು ಪ್ರಸಾದದ ಕೈ ಸೆರಗಿಗೆ ಒರೆಸಿದಳು. ಎದೆ ಧಸಕ್ಕೆಂದಿತು. ಆಮೇಲೆ ಏನಾಯಿತು ಅಂದರೆ, ಭಯವೇ ಹೋಯಿತು. ಅವತ್ತಿನಿಂದ ಅದು ನನ್ನ ಸೀರೆ.

ಆಮೇಲೆ ಆಯುಧಪೂಜೆಗೆ ಬ್ಯಾಂಕಿಗೆ ಉಟ್ಟಿದ್ದೇನೆ. ಗೌರಿ ಹಬ್ಬಕ್ಕೆ ಉಟ್ಟಿದ್ದೇನೆ. ಕಳೆದ ವರ್ಷ ಚಿಂತಾಮಣಿಯ ಸೋದರಮಾವನ ಮಗಳ ಮದುವೆ ಇತ್ತು. ಎರಡು ವರ್ಷ ಮಳೆ ಸರಿಯಾಗಿ ಆಗದೆ ಅವರ ಕೈ ಬಿಗಿಯಾಗಿತ್ತು. ಹುಡುಗಿ ನನ್ನ ಹತ್ತಿರ ಬಂದು ‘ಅಕ್ಕಾ, ಧಾರೆಗೆ ನಿನ್ನ ಸೀರೆ ಕೊಡ್ತೀಯಾ?’ ಅಂತ ಮೆಲ್ಲಗೆ ಕೇಳಿದಳು. ಕೊಡಬೇಕು ಅಂತ ಆಸೆ. ಆದರೆ ಅತ್ತೆಯ ಮಾತು ಇದೆಯಲ್ಲ. ಅವರಿಗೆ ಗೊತ್ತಿಲ್ಲದ ಹಾಗೆ ಮಾಡಲು ಮನಸ್ಸಾಗಲಿಲ್ಲ. ಹೋಗಿ ಕೇಳಿದೆ. ಅತ್ತೆ ಹೂ ಕಟ್ಟುತ್ತಿದ್ದರು. ಒಂದು ಮೊಳ ಮುಗಿಯುವವರೆಗೂ ಏನೂ ಹೇಳಲಿಲ್ಲ. ದಾರ ಗಂಟು ಹಾಕಿ ಹೇಳಿದರು, ‘ಉಟ್ಟು ವಾಪಸ್ ತಂದುಕೊಟ್ಟರೆ ಅದು ಕೊಟ್ಟ ಹಾಗೆ ಆಗಲ್ಲ ಬಿಡಮ್ಮ. ಎರಡು ಮದುವೆ ಕಂಡ ಸೀರೆ ಆಗುತ್ತೆ.’ ಕುಪ್ಪಸದ ಬಟ್ಟೆ ಅವರೇ ಕೊಡಿಸಿದರು. ಆ ಸೀರೆಯಲ್ಲಿ ಈಗ ಎರಡು ಹಾಲಿನ ಕಲೆ ಇದೆ.

ಈ ಸಲ ಯುಗಾದಿಗೆ ಹಳ್ಳಿಗೆ ಉಟ್ಟುಕೊಂಡು ಹೋದೆ. ಅಪ್ಪನಿಗೆ ತೋರಿಸಬೇಕು ಅಂತಲೇ ಹೋದದ್ದು. ಅಪ್ಪ ಜಗಲಿಯಲ್ಲಿ ಕೂತಿದ್ದರು. ಸೆರಗಿನ ತುದಿ ಕೈಗೆ ತೆಗೆದುಕೊಂಡು, ಕನ್ನಡಕ ಮೇಲೆ ಮಾಡಿ ನೋಡಿದರು. ಮಾರುಕಟ್ಟೆಯಲ್ಲಿ ಗೂಡನ್ನು ಒತ್ತಿ ನೋಡುತ್ತಾರಲ್ಲ, ಹಾಗೆ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯನ್ನು ಒತ್ತಿ, ಉಜ್ಜಿ ನೋಡಿದರು. ‘ನೂಲು ಚೆನ್ನಾಗಿದೆ’ ಅಂದರು.

ಅಮ್ಮ ಹುಳದ ಮನೆಯಲ್ಲಿದ್ದಳು. ಹಬ್ಬ ಅಂತ ಹುಳ ಬಿಡುತ್ತದೆಯೇ, ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ನಾನು ಬಾಗಿಲಿಗೆ ಹೋಗಿ ಕರೆದೆ.

‘ಅಲ್ಲೇ ನಿಲ್ಲು’ ಅಂದಳು ಅಮ್ಮ. ಹುಳಕ್ಕೆ ಘಾಟು ಆಗುವುದಿಲ್ಲ. ಸೊಳ್ಳೆಬತ್ತಿ, ಸೆಂಟ್, ನುಸಿಗುಳಿಗೆ ಯಾವ ವಾಸನೆಯೂ ಅದಕ್ಕೆ ಸೇರದು. ಅಮ್ಮನ ಧಾರೆ ಸೀರೆ ಯಾವತ್ತೂ ಈ ಹೊಸಿಲು ದಾಟಿರಲಿಲ್ಲ. ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ನನ್ನ ಸೆರಗು ಎತ್ತಿ ಮೂಗಿಗೆ ಹಿಡಿದಳು. ಒಂದು ಸಲ, ಇನ್ನೊಂದು ಸಲ.

‘ಏನೂ ವಾಸನೆ ಇಲ್ಲ’ ಅಂದಳು. ‘ಕಾಲು ತೊಳ್ಕೊಂಡು ಒಳಗೆ ಬಾ. ಸೆರಗು ಸೊಂಟಕ್ಕೆ ಸಿಕ್ಕಿಸಿಕೋ, ಈ ಸಾಲಿಗೆ ಸೊಪ್ಪು ಹಾಕಬೇಕು.’